ಬೇರು ಸಮೇತ ನೀರಿಗೆ ಮರಳಿದ ಗಿಡಗಳು

ಮಾತು ಶುರು ಮಾಡುವ ಮುಂಚೆಯೇ ಮುಂದಿನ ಸಾಲಿನಿಂದ ಒಂದು ಪ್ರಶ್ನೆ ಬಂತು. ಪರದೆ ಮೇಲೆ ಕಡಲ ತಳದ ಒಂದು ಚಿತ್ರ ಇತ್ತು. ಉದ್ದುದ್ದ ಹಸಿರು ಎಲೆಗಳು, ಎಲ್ಲವೂ ನೀರಿನ ಸೆಳೆತಕ್ಕೆ ಒಂದೇ ಕಡೆ ಬಾಗಿದ್ದವು. "ಇದು ಪಾಚಿ ಅಲ್ವಾ?" ಅಂತ ಕೇಳಿದರು. ನನಗೆ ಖುಷಿಯಾಯಿತು. ನಾನು ಹೇಳಬೇಕು ಅಂದುಕೊಂಡಿದ್ದ ಕತೆಯೆಲ್ಲ ಆ ಪ್ರಶ್ನೆಯ ಉತ್ತರದಲ್ಲೇ ಇತ್ತು. ಆವತ್ತು ಆಡಿದ ಮಾತನ್ನೇ ಇಲ್ಲಿ ಬರಹಕ್ಕೆ ಇಳಿಸಿದ್ದೇನೆ. ಸಮಯ ಸಾಲದೆ ಬಿಟ್ಟುಹೋದದ್ದನ್ನು ಸೇರಿಸಿದ್ದೇನೆ, ಒಂದೇ ವಿಷಯ ಎರಡು ಸಲ ಹೇಳಿದ ಕಡೆ ಕತ್ತರಿ ಹಾಕಿದ್ದೇನೆ.

ಅದು ಪಾಚಿ ಅಲ್ಲ. ಕಡಲಹುಲ್ಲು. ಪಾಚಿಗೆ ಬೇರಿಲ್ಲ, ಹೂವಿಲ್ಲ, ಬೀಜವಿಲ್ಲ. ಬಂಡೆಗೆ ಅಂಟಿಕೊಂಡ ಕಡಲಕಳೆಯ ಬುಡದಲ್ಲಿ ಬೇರಿನ ಹಾಗೆ ಏನೋ ಕಾಣುತ್ತದೆ, ಆದರೆ ಅದರ ಕೆಲಸ ಬರೀ ಹಿಡಿದುಕೊಳ್ಳುವುದು. ಊಟ ನೀರಿನಿಂದಲೇ ನೇರ ಮೈಗೆ ಇಳಿಯುತ್ತದೆ. ಕಡಲಹುಲ್ಲಿಗೆ ನಿಜವಾದ ಬೇರಿದೆ. ಮರಳಿನೊಳಗೆ ಅಡ್ಡಡ್ಡ ಹರಿಯುವ ಕಾಂಡ ಇದೆ, ಎಲೆಯಲ್ಲಿ ನರಗಳಿವೆ, ಕಾಲ ಬಂದಾಗ ನೀರಿನೊಳಗೇ ಹೂ ಬಿಡುತ್ತದೆ, ಕಾಯಿ ಕಟ್ಟುತ್ತದೆ. ಅಂದರೆ ಇದರ ನೆಂಟರು ಕಡಲಲ್ಲಿಲ್ಲ, ನೆಲದ ಮೇಲಿದ್ದಾರೆ.

ನೆಲದ ಗಿಡಗಳೆಲ್ಲ ಮೂಲದಲ್ಲಿ ನೀರಿನಿಂದ ಬಂದವು ಅಂತ ನಮಗೆ ಗೊತ್ತು. ಸಿಹಿನೀರಿನ ಹಸಿರು ಪಾಚಿಗಳ ಒಂದು ಕವಲು ಸುಮಾರು 45ರಿಂದ 50 ಕೋಟಿ ವರ್ಷಗಳ ಹಿಂದೆ ನೆಲಕ್ಕೆ ಹತ್ತಿತು. ಒಣಗದ ಹಾಗೆ ಮೈಗೆ ಮೇಣ ಬಳಿದುಕೊಂಡಿತು, ಉಸಿರಾಡಲು ಎಲೆಯಲ್ಲಿ ಸಣ್ಣ ರಂಧ್ರ ಮಾಡಿಕೊಂಡಿತು, ನೀರು ಎತ್ತಲು ಕೊಳವೆ, ನೆಟ್ಟಗೆ ನಿಲ್ಲಲು ಗಟ್ಟಿ ಕಾಂಡ, ಕೊನೆಗೆ ಹೂವು. ಇಷ್ಟನ್ನೆಲ್ಲ ಕಟ್ಟಿಕೊಳ್ಳಲು ಕೋಟಿಗಟ್ಟಲೆ ವರ್ಷ ಹಿಡಿಯಿತು. ಇಷ್ಟಾದ ಮೇಲೆ ಕೆಲವು ಗಿಡಗಳು ಮತ್ತೆ ನೀರಿಗೆ ಇಳಿದವು. ತಿಮಿಂಗಿಲದ ಪೂರ್ವಜರು ನೆಲ ಬಿಟ್ಟು ಕಡಲಿಗೆ ಹೋದ ಕತೆ ಎಲ್ಲರಿಗೂ ಗೊತ್ತು. ಗಿಡಗಳೂ ಅದನ್ನೇ ಮಾಡಿವೆ ಅಂತ ನಾವು ಸಾಮಾನ್ಯವಾಗಿ ಯೋಚಿಸುವುದೇ ಇಲ್ಲ.

ಎಷ್ಟು ಸಲ ಇಳಿದವು? ಸಿಹಿನೀರಿಗಂತೂ ನೂರಕ್ಕೂ ಹೆಚ್ಚು ಸಲ, ಬೇರೆ ಬೇರೆ ಮನೆತನಗಳಿಂದ, ಒಂದಕ್ಕೊಂದು ಸಂಬಂಧವಿಲ್ಲದೆ. ಕಡಲಿಗೆ ಇಳಿದದ್ದು ಮಾತ್ರ ಮೂರೋ ನಾಲ್ಕೋ ಸಲ. ಜಗತ್ತಿನಲ್ಲಿ ಸುಮಾರು ಮೂರು ಲಕ್ಷ ಜಾತಿಯ ಹೂಬಿಡುವ ಗಿಡಗಳಿವೆ. ಅದರಲ್ಲಿ ಕಡಲಹುಲ್ಲುಗಳು ಬರೀ 70ರ ಆಸುಪಾಸು. ಎಲ್ಲವೂ ಅಲಿಸ್ಮಟೇಲ್ಸ್ ಅನ್ನುವ ಒಂದೇ ಗಣಕ್ಕೆ ಸೇರಿದವು. ಹೆಸರಲ್ಲಿ ಹುಲ್ಲು ಅಂತಿದ್ದರೂ ಭತ್ತ, ಗರಿಕೆಯ ಗುಂಪಿಗೆ ಇವು ಸೇರುವುದಿಲ್ಲ. ಅಕ್ವೇರಿಯಂನಲ್ಲಿ ಹಾಕುತ್ತಾರಲ್ಲ, ವ್ಯಾಲಿಸ್ನೇರಿಯಾ, ಹೈಡ್ರಿಲ್ಲಾ, ಆ ಗಿಡಗಳು ಕೆಲವು ಕಡಲಹುಲ್ಲುಗಳಿಗೆ ಒಂದೇ ಕುಟುಂಬದ ಅಣ್ಣತಮ್ಮಂದಿರು.

ಒಂದೇ ಗಣ ಯಾಕೆ? ಈ ಗಣದ ಬಹಳಷ್ಟು ಗಿಡಗಳು ಅದಾಗಲೇ ನೀರಲ್ಲೋ ಕೆಸರಲ್ಲೋ ಬದುಕುತ್ತಿದ್ದವು. ಮೊದಲು ಜೌಗು, ಆಮೇಲೆ ಕೆರೆ, ಆಮೇಲೆ ಅಳಿವೆಯ ಉಪ್ಪುನೀರು, ಕೊನೆಗೆ ಕಡಲು. ಡೈನೋಸಾರ್‌ಗಳು ಇನ್ನೂ ಓಡಾಡುತ್ತಿದ್ದ ಕ್ರಿಟೇಷಿಯಸ್ ಕಾಲದಲ್ಲೇ ಇದು ಶುರುವಾಯಿತು. ನೆಲದಿಂದ ನೇರ ಕಡಲಿಗೆ ಹಾರಿದ ಗಿಡ ಬಹುಶಃ ಒಂದೂ ಇಲ್ಲ.

ಇಲ್ಲಿ ತಾವರೆ, ನೈದಿಲೆ ಬಗ್ಗೆ ಒಂದು ಮಾತು ಹೇಳಲೇಬೇಕು. ನೋಡಲು ಎರಡೂ ಒಂದೇ ಥರ. ದುಂಡನೆ ಎಲೆ, ಕೆಸರಲ್ಲಿ ಗೆಡ್ಡೆ, ನೀರ ಮೇಲೆ ದೊಡ್ಡ ಹೂವು. ಬಹಳ ಕಾಲ ಎಷ್ಟೋ ಸಸ್ಯಶಾಸ್ತ್ರಜ್ಞರೂ ಇವನ್ನು ಒಂದೇ ಕುಟುಂಬ ಅಂದುಕೊಂಡಿದ್ದರು. ಡಿಎನ್ಎ ನೋಡಿದ ಮೇಲೆ ಗೊತ್ತಾಯಿತು, ಇವು ನೆಂಟರೇ ಅಲ್ಲ. ನೈದಿಲೆ ಹೂಗಿಡಗಳ ವಂಶವೃಕ್ಷದಲ್ಲಿ ತೀರಾ ಬುಡದಲ್ಲೇ ಒಡೆದ ಕವಲು. ತಾವರೆಯ ಹತ್ತಿರದ ಸಂಬಂಧಿಗಳು ಪ್ಲೇನ್ ಮರ ಮತ್ತು ಮಕಡೇಮಿಯಾ ಬೀಜದ ಮರ! ನೀರು ಇವೆರಡಕ್ಕೂ ಒಂದೇ ಅಚ್ಚು ಕೊಟ್ಟಿದೆ, ಅಷ್ಟೇ. ಇದರ ತಿರುಗುಮುರುಗೂ ನಡೆದಿದೆ. ಹುಲ್ಲಿನ ಅಥವಾ ಪಾಚಿಯ ಹಾಗೆ ಕಾಣುವ ಹೈಡಟೆಲೇಸಿ ಅನ್ನುವ ಪುಟ್ಟ ನೀರುಗಿಡಗಳ ಕುಟುಂಬವನ್ನು ಹುಲ್ಲುಗಳ ಸಂಬಂಧಿ ಅಂತ ಎಲ್ಲೋ ಮೂಲೆಗೆ ಸೇರಿಸಿದ್ದರು. 2007ರಲ್ಲಿ ಅವು ನೈದಿಲೆಯ ತೀರಾ ಹತ್ತಿರದ ಬಂಧು ಅಂತ ತಿಳಿಯಿತು. ನೀರಲ್ಲಿ ಮುಖ ನೋಡಿ ನೆಂಟಸ್ತನ ಹೇಳುವುದು ಕಷ್ಟ.

ನೀರೊಳಗೆ ಬದುಕುವುದರಲ್ಲಿ ಏನು ಕಷ್ಟ ಅಂತ ಕೇಳಬಹುದು. ಬಾಯಾರಿಕೆ ಇಲ್ಲ, ಬಿಸಿಲ ಬೇಗೆ ಇಲ್ಲ. ಕಷ್ಟ ಇರುವುದು ಉಸಿರಿನಲ್ಲಿ. ಇಂಗಾಲದ ಡೈಆಕ್ಸೈಡ್ ಗಾಳಿಯಲ್ಲಿ ಹರಡುವ ವೇಗಕ್ಕೆ ಹೋಲಿಸಿದರೆ ನೀರಲ್ಲಿ ಸುಮಾರು 10,000 ಪಟ್ಟು ನಿಧಾನ. ಎಲೆಯ ಸುತ್ತ ಇದ್ದದ್ದನ್ನು ಒಂದು ಸಲ ಹೀರಿಕೊಂಡರೆ ಮುಗಿಯಿತು, ಮತ್ತೆ ಬರುವವರೆಗೆ ಕಾಯಬೇಕು. ಅದಕ್ಕೇ ಮುಳುಗಿದ ಎಲೆಗಳು ಅಷ್ಟು ತೆಳು, ಅಥವಾ ಗರಿಗರಿಯಾಗಿ ಸೀಳಿರುತ್ತವೆ. ಕಬೊಂಬಾ ಗಿಡವನ್ನು ನೋಡಿ, ನೀರೊಳಗಿನ ಎಲೆ ನೂಲಿನ ಹಾಗೆ, ಮೇಲೆ ತೇಲುವ ಎಲೆ ಇಡಿಯಾಗಿ. ಒಂದೇ ಗಿಡ, ಎರಡು ಥರದ ಎಲೆ.

ಹೈಡ್ರಿಲ್ಲಾ ಇನ್ನೂ ಜಾಣ. ಬೇಸಿಗೆಯಲ್ಲಿ ನೀರಲ್ಲಿ ಇಂಗಾಲದ ಡೈಆಕ್ಸೈಡ್ ಖಾಲಿಯಾಗುತ್ತಾ ಬಂದಾಗ ಅದು ತನ್ನ ಅಡುಗೆ ವಿಧಾನವನ್ನೇ ಬದಲಾಯಿಸಿ, ಜೋಳ, ಕಬ್ಬಿನಲ್ಲಿ ಇರುವಂಥ, ಕಡಿಮೆ ಇಂಗಾಲವನ್ನೂ ಹಿಡಿದು ಬಳಸುವ ಸಿ4 ಅನ್ನುವ ದಾರಿಗೆ ಹೊರಳುತ್ತದೆ. ಕಬ್ಬಿಗೆ ಅದಕ್ಕಾಗಿ ಎರಡು ಥರದ ಜೀವಕೋಶ ಬೇಕು. ಹೈಡ್ರಿಲ್ಲಾ ಒಂದೇ ಜೀವಕೋಶದೊಳಗೆ ಅದನ್ನು ಮುಗಿಸುತ್ತದೆ. ಐಸೊಎಟೀಸ್ ಅಂತ ಒಂದು ಗಿಡ ಇದೆ. ಹೂ ಬಿಡುವುದಲ್ಲ, ಜರಿಗಿಡಕ್ಕಿಂತಲೂ ಹಳೆಯ ಕವಲು. ಅದು ಹಗಲು ಪೈಪೋಟಿಗೆ ಇಳಿಯದೆ ರಾತ್ರಿ ಇಂಗಾಲ ಕೂಡಿಟ್ಟುಕೊಂಡು ಹಗಲು ಬಳಸುತ್ತದೆ. ಕಳ್ಳಿ ಗಿಡ ಮರುಭೂಮಿಯಲ್ಲಿ ಮಾಡುವ ಕೆಲಸವೇ ಇದು. 1980ರ ದಶಕದ ಶುರುವಿನಲ್ಲಿ ಇದು ಗೊತ್ತಾದಾಗ ನಂಬುವುದು ಕಷ್ಟವಾಗಿರಬೇಕು, ನೀರು ಉಳಿಸುವ ಉಪಾಯ ನೀರಲ್ಲಿ ಮುಳುಗಿದ ಗಿಡಕ್ಕೆ ಯಾಕೆ ಅಲ್ವಾ? ಕಳ್ಳಿ ಉಳಿಸುವುದು ನೀರನ್ನು. ಐಸೊಎಟೀಸ್ ಹುಡುಕುವುದು ಇಂಗಾಲವನ್ನು. ಉಪಾಯ ಮಾತ್ರ ಒಂದೇ.

ಈಗ ಕಡಲಹುಲ್ಲಿಗೆ ಬರೋಣ. 2016ರಲ್ಲಿ ಜೋಸ್ಟೆರಾ ಮರೀನಾ ಅನ್ನುವ ಕಡಲಹುಲ್ಲಿನ ಪೂರ್ತಿ ಜೀನೋಮ್ ಓದಿ ಪ್ರಕಟಿಸಿದರು. ಉತ್ತರ ಅಟ್ಲಾಂಟಿಕ್ ಮತ್ತು ಉತ್ತರ ಪೆಸಿಫಿಕ್ ತೀರಗಳಲ್ಲಿ ಬೆಳೆಯುವ ಹುಲ್ಲು ಅದು. ಅದರಲ್ಲಿ ಇಲ್ಲದ್ದೇನು ಅನ್ನುವುದೇ ಇದ್ದದ್ದಕ್ಕಿಂತ ಕುತೂಹಲದ ವಿಷಯ. ಎಲೆಯ ರಂಧ್ರ ಮಾಡುವ ಜೀನ್‌ಗಳು ಪೂರ್ತಿ ಮಾಯ. ರಂಧ್ರ ಮುಚ್ಚಿಕೊಂಡಿದೆ ಅಂತಲ್ಲ, ಅದನ್ನು ಮಾಡುವ ವಿದ್ಯೆಯೇ ಮರೆತುಹೋಗಿದೆ. ನೆಲದ ಗಿಡಗಳು ಕೀಟ ಓಡಿಸಲು, ಪಕ್ಕದ ಗಿಡಕ್ಕೆ ಸುದ್ದಿ ಮುಟ್ಟಿಸಲು ಗಾಳಿಗೆ ಬಿಡುವ ವಾಸನೆಗಳ ಜೀನ್‌ಗಳು ಇಲ್ಲ. ಎಥಿಲೀನ್ ಅನಿಲದ ಸಂಕೇತ ಇಲ್ಲ. ಅತಿನೇರಳೆ ಕಿರಣದಿಂದ ಕಾಪಾಡಿಕೊಳ್ಳುವ ಏರ್ಪಾಡಿನಲ್ಲೂ ಎಷ್ಟೋ ಇಲ್ಲ. ಗಾಳಿಯೇ ಇಲ್ಲದ ಮೇಲೆ ಇವೆಲ್ಲ ಯಾಕೆ? ಅದೇ ಹೊತ್ತಿಗೆ ಒಂದು ಹಳೆಯ ವಿದ್ಯೆ ಮತ್ತೆ ಸಿಕ್ಕಿದೆ. ಜೀವಕೋಶದ ಗೋಡೆಯಲ್ಲಿ ಕಡಲ ಪಾಚಿಗಳಿಗೆ ಇರುವಂಥ ಗಂಧಕ ಸೇರಿದ ಲೋಳೆಸಕ್ಕರೆ ಅದಕ್ಕಿದೆ, ಅದು ಉಪ್ಪನ್ನು ತಾಳಲು ನೆರವಾಗುತ್ತದೆ. ನೆಲದ ಹೂಗಿಡಗಳು ಅದನ್ನು ಕಳೆದುಕೊಂಡು ಯಾವ ಕಾಲವಾಯಿತೋ.

ಇಷ್ಟೆಲ್ಲ ಬಿಟ್ಟುಕೊಟ್ಟರೂ ಎರಡನ್ನು ಮಾತ್ರ ಕಡಲಹುಲ್ಲು ಬಿಡಲಿಲ್ಲ. ಒಂದು ಬೇರು, ಇನ್ನೊಂದು ಹೂವು. ನನಗೆ ಈ ಗಿಡಗಳ ಮೇಲೆ ಇರುವ ಪ್ರೀತಿಗೆ ಇದೇ ಕಾರಣ. ಇವುಗಳ ಬಲ, ಸಂಕಟ ಎರಡೂ ಈ ನೆಲದ ಆಸ್ತಿಯಿಂದಲೇ ಬಂದಿವೆ.

ಮೊದಲು ಹೂವಿನ ವಿಷಯ. ನೀರಲ್ಲಿ ಪರಾಗ ತಲುಪಿಸುವುದು ದೊಡ್ಡ ತಲೆನೋವು. ಸಿಹಿನೀರಿನ ಹೆಚ್ಚಿನ ಗಿಡಗಳು ಇದನ್ನು ಎದುರಿಸಲೇ ಹೋಗಲಿಲ್ಲ, ಹೂವನ್ನು ನೀರಿನಿಂದ ಮೇಲೆ ಎತ್ತಿ ಹಿಡಿದು ಹಳೆಯ ಹಾಗೆಯೇ ಕೀಟಗಳನ್ನು ಕರೆದವು. ತಾವರೆ ಹೂವು ತನ್ನ ಮೈಯನ್ನೇ ಬೆಚ್ಚಗೆ ಮಾಡಿಕೊಳ್ಳುತ್ತದೆ. ಹೊರಗೆ 10 ಡಿಗ್ರಿ ಚಳಿ ಇದ್ದರೂ ಒಳಗೆ 30 ಡಿಗ್ರಿಗಿಂತ ಜಾಸ್ತಿ ಕಾಯ್ದುಕೊಳ್ಳುತ್ತದೆ. ಅಮೆಜಾನಿನ ವಿಕ್ಟೋರಿಯಾ ನೈದಿಲೆ ಮೊದಲ ಸಂಜೆ ಬಿಳಿಯಾಗಿ, ಬೆಚ್ಚಗೆ, ಘಮಘಮ ಅರಳುತ್ತದೆ. ಆಗ ಅದು ಹೆಣ್ಣು. ದುಂಬಿಗಳು ಒಳಗೆ ನುಗ್ಗುತ್ತವೆ, ಹೂವು ಮುಚ್ಚಿಕೊಳ್ಳುತ್ತದೆ. ಮರುದಿನ ಇಡೀ ದುಂಬಿಗಳು ಒಳಗೇ. ಎರಡನೇ ಸಂಜೆ ಹೂವು ಗುಲಾಬಿ ಬಣ್ಣಕ್ಕೆ ತಿರುಗಿ, ಗಂಡಾಗಿ, ಪರಾಗ ಮೆತ್ತಿಸಿ ದುಂಬಿಗಳನ್ನು ಬಿಡುತ್ತದೆ. ಅವು ಪಕ್ಕದ ಬಿಳಿ ಹೂವಿಗೆ ಹೋಗುತ್ತವೆ.

ವ್ಯಾಲಿಸ್ನೇರಿಯಾ ಅರ್ಧ ದಾರಿ ಬಂದಿದೆ. ಅದರ ಗಂಡು ಹೂವುಗಳು ತಳದಲ್ಲಿ ಗಿಡದಿಂದ ಕಳಚಿಕೊಂಡು ಸಣ್ಣ ಗುಳ್ಳೆಗಳ ಹಾಗೆ ಮೇಲೆ ಬಂದು ಅರಳಿ, ಪುಟ್ಟ ದೋಣಿಗಳಂತೆ ತೇಲುತ್ತವೆ. ಹೆಣ್ಣು ಹೂವು ಉದ್ದ ತೊಟ್ಟಿನ ತುದಿಯಲ್ಲಿ ನೀರಿನ ಮಟ್ಟಕ್ಕೆ ಬಂದು ಕೂರುತ್ತದೆ, ಅದರ ಸುತ್ತ ನೀರು ಸ್ವಲ್ಪ ಕುಳಿಬಿದ್ದಿರುತ್ತದೆ, ದೋಣಿಗಳು ಆ ಕುಳಿಗೆ ಜಾರಿ ಬೀಳುತ್ತವೆ. ಕೆಲಸ ಮುಗಿದ ಮೇಲೆ ತೊಟ್ಟು ಸ್ಪ್ರಿಂಗಿನ ಹಾಗೆ ಸುರುಳಿ ಸುತ್ತಿ ಕಾಯಿಯನ್ನು ಕೆಳಗೆ ಎಳೆದುಕೊಳ್ಳುತ್ತದೆ. ಕಡಲಿನ ಎನ್‌ಹಾಲಸ್ ಹುಲ್ಲು ಇದೇ ಕುಟುಂಬದ್ದು, ಅದೂ ಇಳಿತದ ಹೊತ್ತಿಗೆ ಗಂಡು ಹೂವುಗಳನ್ನು ಹೀಗೇ ತೇಲಿಬಿಡುತ್ತದೆ.

ಉಳಿದ ಕಡಲಹುಲ್ಲುಗಳಲ್ಲಿ ಹೆಚ್ಚಿನವು ಪೂರ್ತಿ ಮುಳುಗಿಯೇ ಈ ಕೆಲಸ ಮಾಡುತ್ತವೆ. ನೆಲದ ಗಿಡಗಳ ಪರಾಗ ದುಂಡಗೆ, ಗಟ್ಟಿ ಸಿಪ್ಪೆಯ ಧೂಳು. ಜೋಸ್ಟೆರಾದ ಪರಾಗ ದಾರ. ಒಂದೊಂದು ಕಣವೂ ಕೆಲವು ಮಿಲಿಮೀಟರ್ ಉದ್ದ, ಗಟ್ಟಿ ಸಿಪ್ಪೆ ಇಲ್ಲ. ಗುಂಡನೆ ಕಣ ನೀರಲ್ಲಿ ಪಕ್ಕದಿಂದ ಜಾರಿಹೋಗಬಹುದು. ದಾರ ಹೂವಿನ ಕವಲಿಗೆ ಸಿಕ್ಕಿ ಸುತ್ತಿಕೊಳ್ಳುತ್ತದೆ. ಇದಕ್ಕಿಂತ ಚೆಂದದ್ದು ಕೆರಿಬಿಯನ್ ಕಡಲಿನ ಥಲಾಸಿಯಾ ಹುಲ್ಲಿನದು. ಇದರ ಗಂಡು ಹೂವು ರಾತ್ರಿ ಅರಳಿ ಪರಾಗವನ್ನು ಲೋಳೆಯೊಳಗೆ ಹೊರಬಿಡುತ್ತದೆ. ಆ ಲೋಳೆ ತಿನ್ನಲು ಬರುವ ಸಿಗಡಿ ಜಾತಿಯ ಸಣ್ಣ ಮರಿಗಳು, ಹುಳುಗಳು ಪರಾಗ ಮೆತ್ತಿಕೊಂಡು ಹೆಣ್ಣು ಹೂವಿಗೆ ಹೋಗುತ್ತವೆ ಅಂತ 2016ರಲ್ಲಿ ತೊಟ್ಟಿಗಳಲ್ಲಿ ಪ್ರಯೋಗ ಮಾಡಿ ತೋರಿಸಿದರು. ಕಡಲಿನಲ್ಲಿ ಜೇನ್ನೊಣದ ಕೆಲಸ ಮಾಡುವವರಿಲ್ಲ ಅಂತ ಅಲ್ಲಿಯವರೆಗೆ ಎಲ್ಲರೂ ನಂಬಿದ್ದರು.

ಆಸ್ಟ್ರೇಲಿಯಾದ ಆಂಫಿಬೋಲಿಸ್ ಬೀಜವನ್ನು ಉದುರಿಸುವುದೇ ಇಲ್ಲ. ಬೀಜ ತಾಯಿಗಿಡದ ಮೇಲೇ ಮೊಳೆತು ತಿಂಗಳುಗಟ್ಟಲೆ ಬೆಳೆಯುತ್ತದೆ. ಆಮೇಲೆ ಸಸಿ ಕಳಚಿಕೊಂಡು ಹೊರಡುತ್ತದೆ. ಅದರ ಬುಡದಲ್ಲಿ ಬಾಚಣಿಗೆಯಂಥ ಕೊಕ್ಕೆ ಇರುತ್ತದೆ, ಎಲ್ಲಾದರೂ ಸಿಕ್ಕಿಕೊಂಡರೆ ಅಲ್ಲೇ ಬೇರು ಬಿಡುತ್ತದೆ.

ಹೂವನ್ನು ಕೈಬಿಡದಿದ್ದರೂ ಕಡಲಹುಲ್ಲು ಅದನ್ನೇ ನೆಚ್ಚಿಕೊಂಡಿಲ್ಲ. ಮರಳೊಳಗೆ ಕಾಂಡ ಹಬ್ಬಿಸಿಕೊಂಡು ಹೋಗುವುದು ಅದರ ಇನ್ನೊಂದು ದಾರಿ. ಪಶ್ಚಿಮ ಆಸ್ಟ್ರೇಲಿಯಾದ ಶಾರ್ಕ್ ಬೇಯಲ್ಲಿ ಪೊಸಿಡೋನಿಯಾ ಆಸ್ಟ್ರಾಲಿಸ್ ಹುಲ್ಲುಗಾವಲಿನಲ್ಲಿ ಎಷ್ಟು ಬೇರೆ ಬೇರೆ ಗಿಡಗಳಿವೆ ಅಂತ ಎಣಿಸಲು ವಿಜ್ಞಾನಿಗಳು ಹೊರಟರು. ಹತ್ತು ಕಡೆಯಿಂದ ಚಿಗುರು ತಂದು ಡಿಎನ್ಎ ನೋಡಿದರು. ಹತ್ತರಲ್ಲಿ ಒಂಬತ್ತು ಕಡೆಯದು ಒಂದೇ ಗಿಡ! 180 ಕಿಲೋಮೀಟರ್ ಉದ್ದಕ್ಕೆ ಹರಡಿರುವ ಒಂದೇ ಒಂದು ಗಿಡ, ಸುಮಾರು 4,500 ವರ್ಷದ್ದು ಅಂತ 2022ರಲ್ಲಿ ಬರೆದರು. ಅದರ ಕ್ರೋಮೋಸೋಮ್‌ಗಳ ಸಂಖ್ಯೆ ಸಾಮಾನ್ಯ ಗಿಡಕ್ಕಿಂತ ಎರಡು ಪಟ್ಟು. ಬಿಸಿ, ಚಳಿ, ಉಪ್ಪು ಎಲ್ಲ ಜಾಸ್ತಿ ಏರುಪೇರಾಗುವ ಆ ಕೊಲ್ಲಿಯಲ್ಲಿ ತಾಳಿಕೊಳ್ಳಲು ಅದೇ ನೆರವಾಗಿರಬಹುದು ಅನ್ನುತ್ತಾರೆ. ಈ ಸುದ್ದಿ ಓದಿದ ದಿನ ನಾನು ಬೇರೆ ಕೆಲಸ ಮಾಡಲಿಲ್ಲ, ಸುಮ್ನೆ ನಕಾಶೆ ನೋಡುತ್ತಾ ಕೂತಿದ್ದೆ.

ಸಿಹಿನೀರಿನ ಗಿಡಗಳಲ್ಲಿ ಕೆಲವು ಬೇರನ್ನೂ ಬಿಟ್ಟುಕೊಟ್ಟಿವೆ. ಅವುಗಳ ಕತೆ ಬೇರೆ ಕಡೆ ಹೋಗುತ್ತದೆ, ಆದರೂ ಹೇಳದೆ ಇರಲಾರೆ. ವೋಲ್ಫಿಯಾ ಜಗತ್ತಿನ ಅತಿ ಚಿಕ್ಕ ಹೂಗಿಡ. ಒಂದು ಮಿಲಿಮೀಟರ್‌ಗಿಂತ ಸಣ್ಣದು, ಬೇರಿಲ್ಲ, ಎಲೆ ಯಾವುದು ಕಾಂಡ ಯಾವುದು ಅಂತ ಹೇಳಲಾಗದ ಹಸಿರು ಸಾಸಿವೆ ಕಾಳು. ಅದಕ್ಕೆ ಒಳ್ಳೆಯ ಬೆಳಕು, ಊಟ ಸಿಕ್ಕರೆ ಒಂದೂವರೆ ದಿನದಲ್ಲಿ ಒಂದು ಎರಡಾಗುತ್ತದೆ. ಯುಟ್ರಿಕ್ಯುಲೇರಿಯಾ ಬೇರಿನ ಬದಲು ಚೀಲ ಕಟ್ಟಿಕೊಂಡಿದೆ. ನೀರಿನ ಸಣ್ಣ ಹುಳ ಚೀಲದ ಬಾಯಿಯ ಕೂದಲು ತಾಗಿಸಿದರೆ ಸಾಕು, ಒಂದು ಸೆಕೆಂಡಿನ ಸಾವಿರದಲ್ಲಿ ಒಂದು ಪಾಲಿನಷ್ಟು ಹೊತ್ತಿನಲ್ಲಿ ಬಾಗಿಲು ತೆರೆದು ಹುಳವನ್ನು ಒಳಗೆ ಹೀರುತ್ತದೆ. ಪೊಡೊಸ್ಟೆಮೇಸಿ ಕುಟುಂಬದ ಗಿಡಗಳಂತೂ ಭೋರ್ಗರೆಯುವ ಹೊಳೆಯ ಬಂಡೆ ಮೇಲೆಯೇ ಅಂಟಿಕೊಂಡು ಬದುಕುತ್ತವೆ. ಪಶ್ಚಿಮ ಘಟ್ಟದ ಹೊಳೆಗಳಲ್ಲೂ ಇವು ಬಹಳ ಇವೆ. ಬಂಡೆಗೆ ಬಳಿದ ಹಸಿರು ಬಣ್ಣದ ಹಾಗೆ ಕಾಣುತ್ತವೆ, ಬೇರು, ಕಾಂಡ, ಎಲೆ ಅನ್ನುವ ಪಾಠದ ಪುಸ್ತಕದ ಗೆರೆಗಳೆಲ್ಲ ಇಲ್ಲಿ ಅಳಿಸಿಹೋಗುತ್ತವೆ. ಮಳೆ ಮುಗಿದು ನೀರು ಇಳಿದಾಗ ಬಂಡೆ ಒಣಗುವ ಮುಂಚೆ ಗಡಿಬಿಡಿಯಲ್ಲಿ ಹೂ ಬಿಟ್ಟು, ಬೀಜ ಉದುರಿಸಿ ಸಾಯುತ್ತವೆ. ಹೊಳೆಗೆ ಅಣೆಕಟ್ಟು ಕಟ್ಟಿ ನೀರಿನ ಏರಿಳಿತ ನಿಲ್ಲಿಸಿದರೆ ಇವುಗಳ ಪಂಚಾಂಗವೇ ತಪ್ಪುತ್ತದೆ.

ಈಗ ಬೇರು. ಕೆರೆಯ ಕೆಸರಿನಲ್ಲಾಗಲಿ ಕಡಲ ಮರಳಿನಲ್ಲಾಗಲಿ ಮೇಲಿನ ಪದರ ದಾಟಿದರೆ ಆಮ್ಲಜನಕ ಇರುವುದಿಲ್ಲ. ಬೇರು ಬದುಕಬೇಕಾದರೆ ಎಲೆ ಮೇಲಿನಿಂದ ಗಾಳಿ ಕಳಿಸಬೇಕು. ತಾವರೆ ದಂಟು ಮುರಿದಾಗ ಕಾಣುವ ತೂತುಗಳು ಆ ಗಾಳಿಯ ದಾರಿ. ನ್ಯೂಫರ್ ಅನ್ನುವ ಹಳದಿ ನೈದಿಲೆಯಲ್ಲಿ ಎಳೆಯ ಎಲೆಗಳು ಬಿಸಿಲಿಗೆ ಕಾದು ಗಾಳಿಯನ್ನು ಒಳಗೆ ಒತ್ತುತ್ತವೆ, ಅದು ದಂಟಿನಲ್ಲಿ ಇಳಿದು, ಗೆಡ್ಡೆ ಹಾದು, ಹಳೆಯ ಎಲೆಗಳಿಂದ ಹೊರಗೆ ಹೋಗುತ್ತದೆ. ಒಂದು ಎಲೆಯಿಂದ ದಿನಕ್ಕೆ 22 ಲೀಟರ್‌ವರೆಗೂ ಗಾಳಿ ಇಳಿಯುವುದನ್ನು 1980ರಲ್ಲೇ ಅಳೆದಿದ್ದಾರೆ. ಗಿಡದೊಳಗೆ ಗಾಳಿ ಬೀಸುತ್ತಿದೆ ಅಂತ ಯಾರು ಊಹಿಸಿದ್ದರು?

ಕಡಲಹುಲ್ಲಿಗೆ ಹೊರಗಿನ ಗಾಳಿ ಸಿಗುವುದಿಲ್ಲ. ಹಗಲು ಎಲೆ ತಾನೇ ತಯಾರಿಸುವ ಆಮ್ಲಜನಕವೇ ಗತಿ. ಬೇರಿನ ಸುತ್ತ ಬ್ಯಾಕ್ಟೀರಿಯಾಗಳು ಕೊಳೆತದ್ದನ್ನು ತಿಂದು ಸಲ್ಫೈಡ್ ಅನ್ನುವ ವಿಷ ಉಗುಳುತ್ತಿರುತ್ತವೆ. ಇಲ್ಲಿ ಒಂದು ಒಳ್ಳೆಯ ಸ್ನೇಹ ಇದೆ. ಲೂಸಿನಿಡ್ ಅನ್ನುವ ಚಿಪ್ಪುಜೀವಿಗಳು ಈ ಹುಲ್ಲಿನ ಬುಡದಲ್ಲೇ ವಾಸ ಮಾಡುತ್ತವೆ. ಅವುಗಳ ಕಿವಿರಿನಲ್ಲಿ ಸಲ್ಫೈಡ್ ತಿಂದು ಬದುಕುವ ಬ್ಯಾಕ್ಟೀರಿಯಾಗಳಿವೆ. ಹುಲ್ಲು ಬೇರಿನಿಂದ ಆಮ್ಲಜನಕ ಕೊಡುತ್ತದೆ, ಚಿಪ್ಪುಜೀವಿ ವಿಷ ತೆಗೆಯುತ್ತದೆ. 2012ರಲ್ಲಿ ಈ ಮೂವರ ಒಪ್ಪಂದ ಗೊತ್ತಾದ ಮೇಲೆ ಒಂದು ಹಳೆಯ ಪ್ರಶ್ನೆಗೆ ಉತ್ತರ ಸಿಕ್ಕಿತು. ಅಷ್ಟು ಕೊಳೆತ ವಸ್ತು ಗುಡ್ಡೆಯಾಗುವ ಜಾಗದಲ್ಲಿ ಕಡಲಹುಲ್ಲು ತನ್ನದೇ ಕಸದ ವಿಷಕ್ಕೆ ಯಾಕೆ ಸಾಯುವುದಿಲ್ಲ ಅನ್ನುವ ಪ್ರಶ್ನೆ ಅದು. ಮೆಡಿಟರೇನಿಯನ್ ಕಡಲಿನ ಪೊಸಿಡೋನಿಯಾ ಬೇರಿನೊಳಗೇ ಸಾರಜನಕ ಕೊಡುವ ಬ್ಯಾಕ್ಟೀರಿಯಾ ಇಟ್ಟುಕೊಂಡಿದೆ, ನಮ್ಮ ಬೇಳೆಕಾಳಿನ ಗಿಡಗಳ ಹಾಗೆ. ಇದು ತಿಳಿದದ್ದು 2021ರಲ್ಲಿ. ಮರುವರ್ಷ ಇನ್ನೊಂದು ಸುದ್ದಿ, ಅದೇ ಹುಲ್ಲಿನ ಬುಡದ ಮಣ್ಣಿನಲ್ಲಿ ಸಕ್ಕರೆ ತುಂಬಿದೆ. ಕಡಲಲ್ಲಿ ಅದುವರೆಗೆ ಅಳೆದದ್ದಕ್ಕಿಂತ 80 ಪಟ್ಟು ಹೆಚ್ಚು. ಹುಲ್ಲು ಜೊತೆಗೇ ಬಿಡುವ ಫಿನಾಲಿಕ್ ರಾಸಾಯನಿಕಗಳು ಹೆಚ್ಚಿನ ಬ್ಯಾಕ್ಟೀರಿಯಾಗಳನ್ನು ತಡೆಯುವುದರಿಂದ ಆ ಸಕ್ಕರೆ ಹಾಗೇ ಉಳಿದಿದೆ.

ಬೇರು ಇರುವುದರಿಂದಲೇ ಇವು ಬಯಲು ಕಟ್ಟುತ್ತವೆ. ಎಲೆಗಳು ನೀರಿನ ವೇಗ ತಗ್ಗಿಸುತ್ತವೆ, ಹೂಳು ಕೆಳಗೆ ಕೂರುತ್ತದೆ, ಬೇರು ಅದನ್ನು ಹಿಡಿದಿಡುತ್ತದೆ. ಪೊಸಿಡೋನಿಯಾದ ಸತ್ತ ಬೇರು, ಕಾಂಡಗಳು ಪದರದ ಮೇಲೆ ಪದರ ಸೇರಿ ಹಲವು ಮೀಟರ್ ದಪ್ಪದ ಚಾಪೆಯಾಗಿವೆ. ಅದರ ತಳದ ಪದರ ಸಾವಿರಾರು ವರ್ಷ ಹಳೆಯದು. ಆಮ್ಲಜನಕ ಇಲ್ಲದ್ದರಿಂದ ಕೊಳೆಯುವುದೂ ಇಲ್ಲ. ಕಡಲಹುಲ್ಲು ಕಡಲ ತಳದಲ್ಲಿ ನೂರಕ್ಕೆ ಕಾಲು ಪಾಲಿಗಿಂತಲೂ ಕಡಿಮೆ ಜಾಗದಲ್ಲಿದೆ. ಕಡಲು ಪ್ರತಿವರ್ಷ ತಳದಲ್ಲಿ ಹೂಳುವ ಇಂಗಾಲದಲ್ಲಿ ಮಾತ್ರ ಸುಮಾರು ಹತ್ತನೇ ಒಂದು ಭಾಗ ಇದರ ಪಾಲು ಅಂತ ಅಂದಾಜು.

ಈ ಬಯಲಲ್ಲಿ ಯಾರು ಯಾರನ್ನು ತಿನ್ನುತ್ತಾರೆ ಅನ್ನುವುದರ ಮೇಲೆ ಹುಲ್ಲಿನ ಹಣೆಬರಹ ನಿಂತಿರುತ್ತದೆ. ಕ್ಯಾಲಿಫೋರ್ನಿಯಾದ ಎಲ್ಕ್‌ಹಾರ್ನ್ ಸ್ಲೂ ಅನ್ನುವ ಅಳಿವೆಯಲ್ಲಿ ಹೊಲಗಳ ಗೊಬ್ಬರ ಹರಿದು ಬಂದು ಹುಲ್ಲಿನ ಎಲೆಗಳ ಮೇಲೆ ಪಾಚಿ ಹತ್ತಿತ್ತು, ಹುಲ್ಲು ಸಾಯುತ್ತಿತ್ತು. ಆಮೇಲೆ ಕಡಲ ನೀರುನಾಯಿಗಳು ಅಲ್ಲಿಗೆ ವಾಪಸ್ ಬಂದವು. ಅವು ಏಡಿ ತಿಂದವು. ಏಡಿ ಕಡಿಮೆಯಾದ ಮೇಲೆ ಏಡಿಗಳಿಗೆ ಬಲಿಯಾಗುತ್ತಿದ್ದ ಕಡಲ ಗೊಂಡೆಹುಳಗಳು ಹೆಚ್ಚಾದವು. ಅವು ಎಲೆಯ ಮೇಲಿನ ಪಾಚಿ ಮೇಯ್ದವು. ಹುಲ್ಲಿಗೆ ಬೆಳಕು ಸಿಕ್ಕಿತು, ಬಯಲು ಮತ್ತೆ ಹಬ್ಬಿತು. ಗೊಬ್ಬರ ಹರಿದು ಬರುವುದು ನಿಲ್ಲದೆಯೂ ಇಷ್ಟಾಯಿತು. ಲಕ್ಷದ್ವೀಪದಲ್ಲಿ ಇದರ ಉಲ್ಟಾ ನಡೆಯಿತು. ಅಲ್ಲಿ ಹಸಿರು ಆಮೆಗಳು ಗುಂಪುಗುಂಪಾಗಿ ಬಂದು ಹುಲ್ಲನ್ನು ಬುಡದವರೆಗೂ ಮೇಯ್ದು, ಒಂದಾದ ಮೇಲೆ ಒಂದು ಲಗೂನ್ ಬೋಳು ಮಾಡಿದವು. ಮೀನು ಕಡಿಮೆಯಾಗಿ ಮೀನುಗಾರರಿಗೂ ಆಮೆಗಳಿಗೂ ಜಗಳ ಬಂತು. ಆಮೆ ಉಳಿಸಬೇಕು, ಹುಲ್ಲೂ ಉಳಿಯಬೇಕು. ಆಮೆಗಳನ್ನು ಹಿಡಿತದಲ್ಲಿಡುತ್ತಿದ್ದ ದೊಡ್ಡ ಶಾರ್ಕ್‌ಗಳನ್ನು ಮನುಷ್ಯರು ಹಿಡಿದು ತೆಗೆದ ಮೇಲೆ ಈ ಲೆಕ್ಕ ಸರಿಹೊಂದಿಸುವುದು ಸುಲಭವಲ್ಲ.

ಬೇರು ಕೊಟ್ಟ ಬಲದ ಇನ್ನೊಂದು ಮುಖ ಹೇಳಿದೆನಲ್ಲ, ಅದು ಇದು. ಬೇರು, ಕಾಂಡ ಹಸಿರಿಲ್ಲದವು. ತಾವು ಅಡುಗೆ ಮಾಡುವುದಿಲ್ಲ, ಎಲೆ ಮಾಡಿದ್ದನ್ನು ತಿನ್ನುತ್ತವೆ. ಹಾಗಾಗಿ ಕಡಲಹುಲ್ಲಿಗೆ ಬೆಳಕು ಜಾಸ್ತಿ ಬೇಕು. ನೀರಲ್ಲಿ ತೇಲುವ ಪಾಚಿಗೆ ಮೇಲ್ಮೈಯ ಬೆಳಕಿನಲ್ಲಿ ನೂರಕ್ಕೆ ಒಂದು ಪಾಲು ಸಿಕ್ಕಿದರೂ ನಡೆಯುತ್ತದೆ. ಕಡಲಹುಲ್ಲಿಗೆ ಸರಾಸರಿ 11 ಪಾಲು ಬೇಕು. ನದಿಯಲ್ಲಿ ಮಣ್ಣು ಜಾಸ್ತಿ ಬಂದರೆ, ಗೊಬ್ಬರ, ಚರಂಡಿ ನೀರು ಸೇರಿ ಪಾಚಿ ಹೆಚ್ಚಿದರೆ, ನೀರು ಮಬ್ಬಾಗುತ್ತದೆ. ಮಬ್ಬಾದರೆ ಮೊದಲು ಆಳದ ಹುಲ್ಲು ಹೋಗುತ್ತದೆ. ಹುಲ್ಲು ಹೋದರೆ ಹೂಳು ಹಿಡಿಯುವವರಿಲ್ಲ, ಅಲೆ ಬಂದಾಗೆಲ್ಲ ಅದು ಮೇಲೇಳುತ್ತದೆ, ನೀರು ಇನ್ನೂ ಮಬ್ಬಾಗುತ್ತದೆ.

ಆಳವಿಲ್ಲದ ಕೆರೆಗಳಲ್ಲೂ ಇದೇ ಸುಳಿ. ಅಂಥ ಕೆರೆಗೆ ಎರಡೇ ಸ್ಥಿತಿ ಅನ್ನಬಹುದು. ಗಿಡ ತುಂಬಿದ ತಿಳಿನೀರು, ಇಲ್ಲವೇ ಗಿಡವಿಲ್ಲದ ಹಸಿರು ಗಂಜಿ. ನಡುವೆ ನಿಲ್ಲುವುದು ಅಪರೂಪ. ಒಂದರಿಂದ ಇನ್ನೊಂದಕ್ಕೆ ಹೊರಳುವುದು ಥಟ್ಟನೆ, ವಾಪಸ್ ಬರುವುದು ಬಹಳ ಕಷ್ಟ. ಗೊಬ್ಬರದ ಮಟ್ಟವನ್ನು ಮೊದಲಿದ್ದಲ್ಲಿಗೆ ಇಳಿಸಿದರೆ ಸಾಲದು, ಅದಕ್ಕಿಂತ ಎಷ್ಟೋ ಕೆಳಗೆ ಇಳಿಸಬೇಕಾಗುತ್ತದೆ. ಕೆರೆ ತುಂಬಾ ಗಿಡ ಇದ್ದರೆ ಗಲೀಜು ಅಂತ ಕಿತ್ತು ಹಾಕುವವರಿಗೆ ನಾನು ಇದನ್ನು ಎಷ್ಟು ಸಲ ಹೇಳಿದ್ದೇನೋ. ಮುಳುಗಿ ಬೆಳೆಯುವ ಗಿಡ ನೀರನ್ನು ತಿಳಿ ಮಾಡುತ್ತದೆ. ದಕ್ಷಿಣ ಅಮೆರಿಕದಿಂದ ಬಂದು ಜಗತ್ತೆಲ್ಲ ಹರಡಿದ ವಾಟರ್ ಹಯಾಸಿಂತ್ ಬೇರೆ ವಿಷಯ. ಕೆಲವರು ಅದನ್ನೂ ಅಂತರಗಂಗೆ ಅನ್ನುತ್ತಾರೆ. ಅದು ಮೇಲೆ ತೇಲುತ್ತದೆ, ಎರಡು ವಾರದೊಳಗೆ ದುಪ್ಪಟ್ಟಾಗಬಲ್ಲದು, ಕೆಳಗಿನವರಿಗೆ ಬೆಳಕು ಬಿಡುವುದಿಲ್ಲ. ಎರಡನ್ನೂ ಕಳೆ ಅಂತ ಒಂದೇ ಹೆಸರಲ್ಲಿ ಕರೆಯಬಾರದು.

2009ರಲ್ಲಿ ಜಗತ್ತಿನ ಹಳೆಯ, ಹೊಸ ದಾಖಲೆಗಳನ್ನೆಲ್ಲ ಒಟ್ಟುಮಾಡಿ ನೋಡಿದಾಗ, 1879ರಿಂದ ಈಚೆಗೆ ಗೊತ್ತಿದ್ದ ಕಡಲಹುಲ್ಲಿನ ಪ್ರದೇಶದಲ್ಲಿ ನೂರಕ್ಕೆ 29 ಭಾಗ ಹೋಗಿತ್ತು. ಈ ನಡುವೆಯೇ, 1930ರ ದಶಕದಲ್ಲಿ ಒಂದು ದೊಡ್ಡ ಸಾವು ಆಗಿತ್ತು. ಲ್ಯಾಬರಿಂಥುಲಾ ಅನ್ನುವ ಸೂಕ್ಷ್ಮಜೀವಿಯ ರೋಗ ಬಂದು ಉತ್ತರ ಅಟ್ಲಾಂಟಿಕ್‌ನ ಎರಡೂ ದಂಡೆಯ ಜೋಸ್ಟೆರಾದಲ್ಲಿ ಬಹುಪಾಲು ಸತ್ತಿತು. ಆ ಎಲೆಯ ಮೇಲೆ ಮಾತ್ರ ಬದುಕುತ್ತಿದ್ದ ಲೊಟ್ಟಿಯಾ ಆಲ್ವಿಯಸ್ ಅನ್ನುವ ಪುಟ್ಟ ಚಿಪ್ಪುಹುಳ ಜಗತ್ತಿನಿಂದಲೇ ಹೋಯಿತು.

ಮಾತು ಮುಗಿದ ಮೇಲೆ ಒಬ್ಬ ಹುಡುಗಿ ಕೇಳಿದಳು, "ಹೋದ ಹುಲ್ಲು ಯಾವತ್ತಾದರೂ ವಾಪಸ್ ಬಂದಿದೆಯಾ?" ಬಂದಿದೆ. ಅಮೆರಿಕದ ವರ್ಜೀನಿಯಾ ತೀರದ ಕೊಲ್ಲಿಗಳಲ್ಲಿ ಆ ರೋಗ, ಜೊತೆಗೆ 1933ರ ಚಂಡಮಾರುತ ಸೇರಿ ಹುಲ್ಲನ್ನು ಪೂರ್ತಿ ಅಳಿಸಿದ್ದವು. ಅದರಲ್ಲಿ ಬೆಳೆಯುತ್ತಿದ್ದ ಸ್ಕಾಲಪ್ ಚಿಪ್ಪುಮೀನೂ ಹೋಯಿತು. ಆಮೇಲೆ ಸುಮಾರು 70 ವರ್ಷ ಅಲ್ಲಿ ಬರೀ ಮಣ್ಣು. ನೀರು ತಿಳಿಯಾಗಿಯೇ ಇತ್ತು, ಬೆಳಕೂ ಇತ್ತು. ಇಲ್ಲದಿದ್ದದ್ದು ಬೀಜ ಮಾತ್ರ. ಜೋಸ್ಟೆರಾದ ಬೀಜ ಭಾರ, ಬಿದ್ದಲ್ಲಿಂದ ಕೆಲವು ಮೀಟರ್ ಆಚೆ ಹೋಗುವುದೂ ಕಡಿಮೆ. ಅದಕ್ಕೆ ಆ ಶತಮಾನ ಮುಗಿಯುವ ಹೊತ್ತಿಗೆ ವಿಜ್ಞಾನಿಗಳು, ಸ್ವಯಂಸೇವಕರು ಸೇರಿ ಬೇರೆ ಕಡೆಯಿಂದ ಬೀಜ ತಂದು ಹಾಕಲು ಶುರು ಮಾಡಿದರು. ಬೇಸಿಗೆಯ ಮುಂಚೆ ಹೂಕಾಂಡ ಕೊಯ್ದು, ತೊಟ್ಟಿಗಳಲ್ಲಿ ಬೀಜ ಮಾಗಿಸಿ, ಚಳಿ ಶುರುವಾಗುವ ಮುಂಚೆ ದೋಣಿಯಿಂದ ಕೈಯಲ್ಲೇ ಎರಚುವುದು. 20 ವರ್ಷದಲ್ಲಿ 7 ಕೋಟಿಗೂ ಹೆಚ್ಚು ಬೀಜ ಹಾಕಿದರು. ಬಿತ್ತಿದ್ದು 200 ಹೆಕ್ಟೇರಿನ ಆಸುಪಾಸು. ಉಳಿದದ್ದನ್ನು ಹುಲ್ಲೇ ನೋಡಿಕೊಂಡಿತು, 2020ರ ಹೊತ್ತಿಗೆ 3,600 ಹೆಕ್ಟೇರ್ ಬಯಲಾಗಿತ್ತು. ಆಮೇಲೆ ಸ್ಕಾಲಪ್‌ಗಳನ್ನೂ ಸಾಕಿ ತಂದು ಬಿಟ್ಟರು. ಅವುಗಳ ಮರಿಗಳು ಮಣ್ಣಿನಲ್ಲಿ ಬಿದ್ದರೆ ಏಡಿಗೆ ಊಟ, ಮೇಲಿದ್ದರೆ ಬಚಾವ್. ಈಗ ಅವಕ್ಕೆ ಅಂಟಿಕೊಂಡು ಕೂರಲು ಎಲೆ ಇದೆ.